ಹಿಂದಿನ ಸೀಟಿಲ್ಲದ ಮೋಟಾರು

ನಾನು ಮೋಟಾರು ನಡೆಸಲು ಕಲಿತದ್ದು ಅಂಗಳದಲ್ಲಿ, ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ರಂಗೋಲಿಯ ಬಟ್ಟಲು ಹಿಡಿದುಕೊಂಡು. ಹೀಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ. ಧಾರವಾಡದಲ್ಲಿ ಆ ಕಾಲಕ್ಕೆ ಸೀರೆಯುಟ್ಟು ಮೋಟಾರು ನಡೆಸುವ ಹೆಂಗಸರನ್ನು ಎಣಿಸಲು ಕೂತರೆ ಒಂದು ಕೈಯ ಬೆರಳುಗಳೇ ಮಿಕ್ಕುತ್ತಿದ್ದವು, ಆ ಎಣಿಸಿದ ಬೆರಳುಗಳಲ್ಲಿ ನನ್ನದೂ ಒಂದು. ಇಷ್ಟು ಜಂಬ ಕೊಚ್ಚಿಕೊಂಡ ಮೇಲೆ ಗುರುಗಳನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ನನಗೆ ಗುರುಗಳು ಇಬ್ಬರು. ಒಬ್ಬರು ನನ್ನ ಮಾವನವರು. ಇನ್ನೊಬ್ಬರು ಸದ್ಯ ನಾನು ಬರೆಯುತ್ತಿರುವ ಕಾಗದಗಳು ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಕುಳಿತಿದ್ದಾರೆ. ಗೇಣಿಗಿಂತ ನಾಲ್ಕು ಬೆರಳು ಗಿಡ್ಡ, ಜಪಾನಿನ ಹುಟ್ಟು, ಎರಕದ ಲೋಹದ ಆಟಿಕೆ ಮೋಟಾರು.

ಅದರ ರೂಪ ಹೇಳಿಬಿಡುತ್ತೇನೆ. ಬಣ್ಣ ಬಿಳಿ. ಮೂಗು ಉದ್ದ, ಬೆನ್ನು ಮೋಟು, ಮಾಡು ತೀರ ತಗ್ಗು. ಬಾಗಿಲು ಎರಡೇ, ಉಗುರು ಸಿಕ್ಕಿಸಿ ಎಳೆದರೆ ಎರಡೂ ತೆರೆಯುತ್ತವೆ. ಮೂಗಿನ ಮುಚ್ಚಳ ಎತ್ತಿದರೆ ಒಳಗೆ ಎಂಜಿನ್ನು, ಅಂದರೆ ಎಂಜಿನ್ನಿನ ಹಾಗೆ ಕಾಣುವ ಬೆಳ್ಳಿ ಬಣ್ಣದ ಒಂದು ಉಂಡೆ. ಇದರ ಅಸಲು ಗಾಡಿ ಜಪಾನಿನ ರಸ್ತೆಗಳಲ್ಲಿ ಪಂದ್ಯಕ್ಕೆ ಬಿದ್ದು ಓಡುವಂಥದ್ದು. ಈಗ ಮೋಟಾರಿನ ಹುಚ್ಚಿರುವವರು ಅದರ ಹೆಸರು ಕೇಳಿದರೇ ಕೈಮುಗಿಯುತ್ತಾರಂತೆ. ಆಗ ಅದು ಹೊಚ್ಚ ಹೊಸದು, ನಮಗೆ ಅದರ ಹೆಸರೂ ಗೊತ್ತಿರಲಿಲ್ಲ. ಬಾನೆಟ್ಟಿನ ನಡುವೆ ನಸುಗೆಂಪು ಕಲೆಯೊಂದು ಕಾಣುತ್ತದಲ್ಲ, ಅದು ಮಾತ್ರ ಜಪಾನಿನವರು ಹಚ್ಚಿದ್ದಲ್ಲ. ಅದು ನಮ್ಮ ಮನೆಯ ಕುಂಕುಮ. ಉಳಿದ ಕಡೆ ಆಯುಧಪೂಜೆ ಎನ್ನುವುದನ್ನು ನಮ್ಮ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಅವತ್ತು ದೊಡ್ಡ ಗಾಡಿಗಳ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. ಇದಕ್ಕೆ ನಾವು ನಾಲ್ಕು ಮೆಣಸಿನ ಕಾಳು ಇಡುತ್ತೇವೆ. ಲಿಂಬೆಹಣ್ಣು ಇಟ್ಟರೆ ಗಾಡಿಯೇ ಹಣ್ಣಿನ ಮೇಲೆ ಹತ್ತಿ ಕೂತುಬಿಡುತ್ತದೆ.

ಇದು ನಮ್ಮ ಸಪ್ತಾಪುರದ ಬಾಡಿಗೆ ಮನೆಗೆ ಬಂದದ್ದು ಅರವತ್ತರ ದಶಕ ಮುಗಿಯುತ್ತ ಬಂದಾಗ. ನನ್ನ ಮೈದುನ ಪ್ರಭಾಕರ ಸರಕಿನ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಆ ಸಲ ಮುಂಬಯಿಗೆ ಇಳಿದು ಮನೆಗೆ ಬಂದಾಗ ನನಗೊಂದು ನೈಲಾನ್ ಸೀರೆ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನ ಯಜಮಾನರಿಗೊಂದು ಪೆನ್ನು, ತಂದೆಗೆ ಈ ಆಟಿಕೆ ತಂದ. ಎಪ್ಪತ್ತು ಸಮೀಪಿಸಿದ ತಂದೆಗೆ ಆಟಿಕೆಯೇ ಎಂದು ನನಗೆ ಒಳಗೊಳಗೇ ನಗು. ಸಾಲದ್ದಕ್ಕೆ ಅದು ಜಪಾನಿ ಮಾಲು. ಆಗಿನ ನಮ್ಮ ಮಾತಿನಲ್ಲಿ ಜಪಾನಿ ಮಾಲು ಎಂದರೆ ಬೈಗುಳ. ಜಾತ್ರೆಯಲ್ಲಿ ಕೊಂಡ ಕೀಲಿ ಕೊಡುವ ತಗಡಿನ ಕೋಳಿ ಮನೆ ಮುಟ್ಟುವುದರೊಳಗೆ ಕತ್ತು ಕಳಚಿಕೊಂಡರೆ, 'ಜಪಾನಿ ಮಾಲ, ಬಿಡ್ರಿ' ಎಂದು ಎಸೆದುಬಿಡುತ್ತಿದ್ದೆವು.

ಮಾವನವರ ವಿಷಯ ಇಲ್ಲಿ ಹೇಳಲೇಬೇಕು. ಅವರು ಮೂವತ್ತು ವರ್ಷ ಹುಬ್ಬಳ್ಳಿಯ ಒಬ್ಬ ಡಾಕ್ಟರ್ ಸಾಹೇಬರ ಮೋಟಾರು ನಡೆಸಿದವರು. ಖಾಕಿ ಕೋಟು, ಖಾಕಿ ಟೊಪ್ಪಿಗೆ. ಸಾಹೇಬರು ವಯಸ್ಸಾಗಿ ಮಗಳ ಊರಿಗೆ ಹೊರಟಾಗ, ಆ ಕರೀ ಬಣ್ಣದ ಇಂಗ್ಲೆಂಡಿನ ಹಳೇ ಗಾಡಿಯ ಕೀಲಿಯನ್ನು ಮಾವನವರ ಕೈಯಲ್ಲಿಟ್ಟು, 'ಇದು ನಂದಕಿಂತಾ ನಿಂದ ಜಾಸ್ತಿ' ಎಂದು ಹೋದರಂತೆ. ಗಾಡಿ ಅವರದಾಯಿತು, ಆದರೆ ರೂಢಿ ಬಿಡಲಿಲ್ಲ. ಎಲ್ಲಿ ನಿಲ್ಲಿಸಿದರೂ ಮಾವನವರು ಮೊದಲು ತಾವು ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು ಹಿಡಿದು ನಿಲ್ಲುತ್ತಿದ್ದರು. ಹಿಂದೆ ಯಾರೂ ಇಲ್ಲದಿದ್ದರೂ ತೆರೆಯುತ್ತಿದ್ದರು. ಒಮ್ಮೆ ತರಕಾರಿ ಚೀಲವೊಂದೇ ಇದ್ದಾಗಲೂ ಹಾಗೆಯೇ ಬಾಗಿಲು ಹಿಡಿದು ನಿಂತರು, ಬದನೆಕಾಯಿಗಳು ಇಳಿಯಲಿ ಎಂಬಂತೆ. ನಾನು ನಕ್ಕಾಗ ಅವರೂ ನಕ್ಕರು, ಆದರೆ ಮರುದಿನ ಮತ್ತೆ ಅದೇ.

ಆಮೇಲೆ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿನ ಪೊರೆ ತೆಗೆಸಿ ದಪ್ಪ ಗಾಜಿನ ಚಾಳೀಸು ಹಾಕಿಸಿದರೂ ದೂರದ್ದು ಮಸುಕಾಗಿಯೇ ಉಳಿಯಿತು. ಒಂದು ದಿನ ರಸ್ತೆ ದಾಟುತ್ತಿದ್ದ ಎಮ್ಮೆಯನ್ನು ಅವರು ಕಂಡದ್ದು ಅದು ಬಾನೆಟ್ಟಿಗೆ ಮೂಗು ಹಚ್ಚಿದ ಮೇಲೆ. ಎಮ್ಮೆಗೆ ಏನೂ ಆಗಲಿಲ್ಲ. ಮಾವನವರು ಮನೆಗೆ ಬಂದು, ಗಾಡಿಯನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಕೀಲಿಯನ್ನು ದೇವರ ಗೂಡಿನಲ್ಲಿಟ್ಟು, ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟರು. ಲೈಸೆನ್ಸು ಇನ್ನೂ ಜೀವಂತ ಇತ್ತು. ಕಣ್ಣು ಇರಲಿಲ್ಲ.

ಇಂಥವರ ಕೈಗೆ ಪ್ರಭಾಕರ ಆ ಆಟಿಕೆ ಕೊಟ್ಟ. ಅವರು ಅದನ್ನು ನೋಡಲಿಲ್ಲ, ಅಂಗೈಯಲ್ಲಿ ತೂಗಿದರು.

"ತಗಡಲ್ಲಿದು. ಎರಕ. ಖರೇ ಗಾಡಿ ಮಾಡೋರ ಕೈ ಐತಿದು" ಎಂದರು.

ಆಮೇಲೆ ಬೆರಳಿನಿಂದ ಮೂಗು ತಡವಿದರು, ಗಾಲಿ ತಿರುಗಿಸಿದರು, ಬಾಗಿಲು ತೆರೆದು ಕಿರುಬೆರಳು ತೂರಿಸಿದರು. ಆ ಬೆರಳು ಒಳಗೆಲ್ಲ ಏನನ್ನೋ ಹುಡುಕಿತು. ಅವರ ಹುಬ್ಬು ಗಂಟಿಕ್ಕಿತು.

"ಏ ಪ್ರಭ್ಯಾ, ಸ್ಟೇರಿಂಗ್ ಬಲಕ್ಕ ಐತಿ, ಛಲೋ ಆತು. ಎರಡು ಸೀಟ್ ಅದಾವ. ಮತ್ತ ಹಿಂದಿನ ಸೀಟ್ ಎಲ್ಲಿ?"

"ಹಿಂದಿನ ಸೀಟ್ ಇಲ್ಲಪ್ಪಾ ಇದಕ್ಕ."

"ಇಲ್ಲಂದ್ರ? ಸಾಹೇಬ್ರು ಎಲ್ಲಿ ಕುಂದ್ರತಾರ?"

"ಸಾಹೇಬನ ನಡಸ್ತಾನ. ಬಾಜೂಕ ಅವನ ದೋಸ್ತ ಕುಂದ್ರತಾನ."

ಮಾವನವರು ಕಿರುಬೆರಳನ್ನು ಮತ್ತೊಮ್ಮೆ ಒಳಗೆ ತೂರಿಸಿ ಹುಡುಕಿದರು. ಸಾಹೇಬರಿಗೆ ಜಾಗವೇ ಇಲ್ಲದ ಮೋಟಾರು ಇರಬಹುದೆಂದು ಮೂವತ್ತು ವರ್ಷದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ಅದು ಅವರ ಕೋಟಿನ ಬಲಗಿಸೆ ಸೇರಿತು, ಅಡಕಿ ಚೀಲದ ಪಕ್ಕಕ್ಕೆ.

ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಅಲ್ಲಿ ಜನ ರಸ್ತೆಯ ಯಾವ ಮಗ್ಗುಲಲ್ಲಿ ಹೋಗುತ್ತಾರೆಂಬುದು ಮಾತ್ರ ಗೊತ್ತಿರಲಿಲ್ಲ. ಸ್ಟೇರಿಂಗ್ ಬಲಕ್ಕಿದೆ ಎಂದು ಮಾವನವರು ಅಂದ ಮೇಲೆಯೇ ಪುಸ್ತಕ ತೆಗೆದದ್ದು. ಹೌದು, ಅವರೂ ನಮ್ಮಂತೆ ಎಡಕ್ಕೇ ಹೋಗುತ್ತಾರೆ. ಹಿಂದೆ ಅಲ್ಲಿನ ಯೋಧರು ಕತ್ತಿಯನ್ನು ಎಡ ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಬಲಕ್ಕೆ ನಡೆದರೆ ಎದುರು ಬರುವವನ ಕತ್ತಿಗೆ ನಮ್ಮ ಕತ್ತಿ ತಾಗಿ ಜಗಳವಾಗುತ್ತದೆಂದು ಎಡಕ್ಕೆ ನಡೆದರಂತೆ. ನಿಜವೋ ಸುಳ್ಳೋ, ಓದಿದ್ದನ್ನು ಹೇಳಿದ್ದೇನೆ. ಧಾರವಾಡದಲ್ಲಿ ಯಾರೂ ಕತ್ತಿ ಕಟ್ಟುವುದಿಲ್ಲ, ಆದ್ದರಿಂದ ಎಲ್ಲರೂ ರಸ್ತೆಯ ನಡುವೆಯೇ ನಡೆಯುತ್ತಾರೆ.

ಮಳೆಗಾಲ ಹಿಂದೆ ಸರಿಯುತ್ತಿದ್ದಾಗ ನಮ್ಮ ಗಾಡಿ ಕೊಳ್ಳಲು ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದ. ಶೆಡ್ಡಿನಲ್ಲಿ ಗಾಡಿಯನ್ನು ಸುತ್ತು ಹಾಕಿ, ಹಿಂದಿನ ಮಾಡಿನ ಮೇಲೆ ಅಂಗೈ ಆಡಿಸಿ, "ಇಲ್ಲಿಂದ ಹಿಂದ ಕೊಯ್ಸಿಬಿಡತೇನ್ರಿ. ಕಟ್ಟಿಗಿ ಪೆಟಿಗಿ ಕೂಡ್ರಸಿದ್ರ ಸಾಮಾನು ಹೇರಾಕ ಅಗದೀ ಛಲೋ ಆಕ್ಕೈತಿ" ಎಂದ.

ಮಾವನವರು ಬಾಗಿಲ ಹತ್ತಿರ ನಿಂತಿದ್ದರು. ಮೂವತ್ತು ವರ್ಷ ತಾವು ತೆರೆದು ಹಿಡಿದ ಬಾಗಿಲು ಅದು. ಆದರೂ ಬೇಡ ಎನ್ನಲಿಲ್ಲ. ಅವರದೊಂದು ನೇಮ: ಓಡದೆ ನಿಂತ ಗಾಡಿಗೆ ಖಂಡೇ ಪೂಜೆ ಮಾಡಬಾರದು, ಅದು ಗಾಡಿಗೆ ಮಾಡುವ ಅವಮಾನ. ಹೋದ ವರ್ಷ ಪೂಜೆಯ ದಿನ ಶೆಡ್ಡಿನ ಬಾಗಿಲನ್ನೇ ತೆರೆದಿರಲಿಲ್ಲ. ಈ ವರ್ಷ ಮತ್ತೆ ಹಾಗಾಗುವುದನ್ನು ಅವರಿಂದ ಸಹಿಸಲಾಗುತ್ತಿರಲಿಲ್ಲ.

"ಖಂಡೇ ಪೂಜಿ ಮುಂಜಾನೆ ಬರ್ರಿ. ಅಷ್ಟರಾಗ ಮನ್ಯಾಗ ಯಾರೂ ನಡಸಲಿಲ್ಲಂದ್ರ ಒಯ್ಯರಿ" ಎಂದುಬಿಟ್ಟರು.

ಮನೆಯಲ್ಲಿ ನಡೆಸುವವರು ಯಾರು? ಪ್ರಭಾಕರ ಮರಳಿ ಸಮುದ್ರ ಸೇರಿದ್ದ. ಯಜಮಾನರು ಹಿಂದೊಮ್ಮೆ ಕಲಿಯಲು ಹೋಗಿ ಗೌಳಿಗರ ಹುಲ್ಲಿನ ಬಣವೆಯೊಳಗೆ ಗಾಡಿಯನ್ನು ಬಾಗಿಲವರೆಗೂ ನುಗ್ಗಿಸಿ, ಕಿಟಕಿಯಿಂದ ಹೊರಗೆ ಬಂದವರು. ಅವತ್ತೇ ಕೈಮುಗಿದು, "ನಾ ಇತಿಹಾಸದಾಂವ. ಹಿಂದಿಂದು ನೋಡು ಅಂದ್ರ ನೋಡತೇನಿ, ಮುಂದ ನೋಡೂದು ನನ್ನ ಕೈಲೆ ಆಗೂದಿಲ್ಲ" ಎಂದಿದ್ದರು. ಉಳಿದವಳು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ಮಾವನವರು ರಾತ್ರಿ ಊಟ ಬಿಟ್ಟದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನ ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತ, ತಲೆ ಎತ್ತದೆ, "ಮಾವಾರ, ನಾ ಕಲೀತೇನ್ರಿ" ಎಂದೆ.

"ಏನು ಕಲೀತೀ?"

"ಗಾಡಿ ನಡಸೂದು."

ಕಟ್ಟೆಯ ಮೇಲೆ ಕುಳಿತಿದ್ದ ಮಾವನವರು ಕಿಸೆಯಿಂದ ಆಟಿಕೆ ತೆಗೆದು ನನ್ನ ರಂಗೋಲಿಯ ಪಕ್ಕದಲ್ಲಿಟ್ಟರು. "ಪರೀಕ್ಷಾದಾಗ ಇಂಗ್ಲೀಷ್ ಎಂಟರ ಆಕಾರದಾಗ ನಡಸಾಕ ಹಚ್ಚತಾರ. ಮೊದಲ ಅದನ್ನ ಬರಿ" ಎಂದರು. ನನ್ನ ಮೊದಲನೇ ಎಂಟು ಕುಂಬಳಕಾಯಿಯಂತೆ ಸೊಟ್ಟಗಾಯಿತು.

ಹೀಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಕಲಿಯುವವರ ಚೀಟಿ ಕೈಗೆ ಬರುವವರೆಗೆ ಯಾರಿಗೂ, ಯಜಮಾನರಿಗೂ ಹೇಳುವುದು ಬೇಡವೆಂದು ನಮ್ಮಿಬ್ಬರ ಒಪ್ಪಂದ. ದಿನಾ ಬೆಳಗ್ಗೆ ಸಗಣಿ ಸಾರಿಸಿದ ನೆಲದ ಮೇಲೆ ಅಗಲವಾದ ಎಂಟು ಬರೆಯುವುದು. ಆ ಗೀಟಿನ ಮೇಲೆ ಜಪಾನಿನ ಗಾಡಿಯನ್ನು ಬೆರಳಿನಿಂದ ತಳ್ಳಿಕೊಂಡು ಹೋಗುವುದು. ಎಲ್ಲಿ ಗೇರು, ಎಲ್ಲಿ ಬ್ರೇಕು, ಎಲ್ಲಿ ಕೈ ಹೊರಗೆ ಎಂದು ಬಾಯಿಯಿಂದ ಹೇಳುವುದು. ಮಾವನವರಿಗೆ ಗೀಟು ಕಾಣುತ್ತಿರಲಿಲ್ಲ, ನನ್ನ ಬಳೆಯ ಸದ್ದಿನ ಮೇಲೆಯೇ ತಪ್ಪು ಹಿಡಿಯುತ್ತಿದ್ದರು. ಒಂದು ದಿನ, "ಮ್ಯಾಲಿಂದ ನೋಡಿದ್ರ ಎಲ್ಲಾರಿಗೂ ನಡಸಾಕ ಬರತೈತಿ. ಒಳಗ ಕುಂತಾವಗ ಎಷ್ಟು ಕಾಣತೈತಿ ಅಷ್ಟ ನೋಡಿ ನಡಸು" ಎಂದರು. ಒಳಗೆ ಕೂತವನಿಗೆ ಎಷ್ಟು ಕಂಡೀತು ಎಂದು ತಿಳಿಯಲು ನಾನು ಸೆರಗು ಸುತ್ತಿಕೊಂಡು ಅಂಗಳದಲ್ಲಿ ಉದ್ದುದ್ದ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಆಟಿಕೆಯ ಬೆನ್ನ ಹಿಂದಿನಿಂದ ನೋಡಿದೆ. ಉದ್ದ ಮೂಗು ಅಡ್ಡ ಬಂದು ಗೀಟೇ ಮಾಯ. ಆಗ ಗೊತ್ತಾಯಿತು ನನಗೆ, ಮೋಟಾರು ನಡೆಸುವುದೆಂದರೆ ಅರ್ಧ ಕಾಣದ್ದನ್ನು ನಂಬಿ ಹೋಗುವುದು ಎಂದು.

ಸರಿಯಾಗಿ ಅದೇ ಗಳಿಗೆಗೆ ಎದುರು ಮನೆಯ ಗಂಗಕ್ಕ ನೀರಿಗೆ ಹೊರಟವಳು ಗೇಟಿನ ಬಳಿ ನಿಂತಳು. ಅವಳು ಕಂಡದ್ದೇನು? ಸಾಲೆಯ ಅಕ್ಕೋರು ಸೂರ್ಯೋದಯಕ್ಕೆ ಮುಂಚೆ, ಒಂದು ವಿಚಿತ್ರ ಮಂಡಲದ ಮುಂದೆ, ನೆಲಕ್ಕೆ ಕೆನ್ನೆ ಹಚ್ಚಿ ಬಿದ್ದಿದ್ದಾರೆ. ನಮ್ಮ ಕಡೆ ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುತ್ತ ಗುಡಿಗೆ ಹೋಗುತ್ತಾರಲ್ಲ, ಮಲಗಿ, ಎದ್ದು, ಮತ್ತೆ ಮಲಗಿ, ಅದೇ ಇದು ಎಂದುಕೊಂಡಳು.

"ಅಯ್ಯ ಶಾಂತಕ್ಕಾರ, ಮನ್ಯಾಗ ದೀಡ ನಮಸ್ಕಾರ ಹಾಕಾಕತ್ತೀರಿ? ಇದ್ಯಾವ ವ್ರತಾರಿ?"

ನಾನು ಆಟಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದೆ. ಸುಳ್ಳು ಬಾಯಿಗೆ ಬರಲಿಲ್ಲ, ನಿಜ ಹೇಳುವಂತಿರಲಿಲ್ಲ. "ಭಾಳ ಕಠಿಣ ವ್ರತಾರಿ ಗಂಗಕ್ಕಾರ. ದಸರಾಕ್ಕ ಮುಗೀತೈತ್ರಿ" ಎಂದೆ. ಇದರಲ್ಲಿ ಸುಳ್ಳು ಎಲ್ಲಿದೆ, ನೀವೇ ಹೇಳಿ.

ಮರುದಿನ ಗಂಗಕ್ಕನ ಬಾಗಿಲ ಮುಂದೆ ಒಂದು ಎಂಟು. ಅದರ ಮರುದಿನ ಅವಳ ಪಕ್ಕದ ಮನೆಯವರದ್ದು. ವಾರ ತುಂಬುವುದರೊಳಗೆ ನಮ್ಮ ಓಣಿಯ ಎರಡೂ ಸಾಲಿನಲ್ಲಿ, ಸಾರಿಸಿದ ಅಂಗಳ ಇದ್ದಲ್ಲೆಲ್ಲ ಎಂಟು, ಕೆಲವಕ್ಕೆ ಅರಿಷಿಣ ಕುಂಕುಮ, ಒಂದಕ್ಕೆ ನಡುವೆ ದೀಪ. ಯಜಮಾನರು ಕಾಲೇಜಿನಿಂದ ಬರುತ್ತ ಇದನ್ನು ಕಂಡರು. ಇತಿಹಾಸದವರ ಕಣ್ಣಿಗೆ ಇಂಥದ್ದು ಬಿದ್ದರೆ ಕೇಳಬೇಕೆ? ಎರಡು ದಿನ ಪುಸ್ತಕ ತಿರುವಿದರು. ಮೂರನೆಯ ದಿನ ಊಟಕ್ಕೆ ಕುಳಿತಾಗ, ಇದು ಹೆಣೆದುಕೊಂಡ ಎರಡು ಹಾವಿನ ಗುರುತು, ಹಳೆಯ ನಾಗಬಂಧ, ಗುಡಿಯ ಕಲ್ಲುಗಳಲ್ಲಿ ಸವೆದುಹೋದದ್ದು ಹೆಂಗಸರ ಬೆರಳ ತುದಿಯಲ್ಲಿ ಹೇಗೆ ಉಳಿದಿದೆ ನೋಡಿರಿ ಎಂದು ಅರ್ಧ ಗಂಟೆ ವಿವರಿಸಿದರು. ಲೇಖನವನ್ನೂ ಶುರು ಮಾಡಿದ್ದರಂತೆ. ಮಾವನವರು ಹಿಡಿದ ತುತ್ತು ಹಿಡಿದಂತೆಯೇ ನಗಲಾರಂಭಿಸಿದರು. ನಗುತ್ತ ಕಿಸೆಯಿಂದ ಆಟಿಕೆ ತೆಗೆದು ಮಗನ ತಾಟಿನ ಪಕ್ಕಕ್ಕಿಟ್ಟು, "ನಿನ್ನ ನಾಗಪ್ಪ ಇವನ ನೋಡಪಾ" ಎಂದರು.

ಯಜಮಾನರನ್ನು ಮೆಚ್ಚಬೇಕು. ಗುಟ್ಟೆಲ್ಲ ಕೇಳಿ ಐದು ನಿಮಿಷ ಮುಖ ಸಣ್ಣ ಮಾಡಿಕೊಂಡಿದ್ದು, ಆಮೇಲೆ ಎದ್ದು ಹೋಗಿ, ಲೇಖನ ಬರೆಯಲು ತಂದಿದ್ದ ದಪ್ಪ ಕಾಗದದ ರಟ್ಟನ್ನೇ ಕತ್ತರಿಸಿ, ಕೆಂಪು ಬಣ್ಣದಲ್ಲಿ ಎರಡು 'ಎಲ್' ಬರೆದು ಗಾಡಿಯ ಹಿಂದೆ ಮುಂದೆ ಕಟ್ಟಿದರು.

ಕಲಿಯುವ ಚೀಟಿ ಬಂದ ಮೇಲೆ ಊರ ಹೊರಗಿನ ಬಯಲಿಗೆ ಹೋಗತೊಡಗಿದೆವು. ಲೈಸೆನ್ಸು ಇದ್ದವರು ಪಕ್ಕದಲ್ಲಿ ಕೂಡಬೇಕೆಂಬುದು ನಿಯಮ, ಆದ್ದರಿಂದ ಮಾವನವರು ನನ್ನ ಎಡಕ್ಕೆ. ಮೊದಲ ದಿನದ ನನ್ನ ಪರಾಕ್ರಮ ಮುಚ್ಚಿಡುವುದಿಲ್ಲ. ಆಟಿಕೆಯ ಮುಂದಿನ ಗಾಲಿಗಳು ತಿರುಗುವುದಿಲ್ಲ, ಆದ್ದರಿಂದ ತಿರುವು ಬಂದಾಗ ನಾನು ಅದರ ಮೂಗನ್ನು ಒಂದಿಷ್ಟು ಎತ್ತಿ ಹೊರಳಿಸುತ್ತಿದ್ದೆ. ಬೆರಳಿಗೆ ಅದೇ ರೂಢಿ ಬಿದ್ದುಬಿಟ್ಟಿತ್ತು. ಬಯಲಿನಲ್ಲಿ ಮೊದಲ ತಿರುವು ಬಂದದ್ದೇ ತಡ, ನಾನು ಸ್ಟೇರಿಂಗನ್ನು ತಿರುಗಿಸುವ ಬದಲು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಎತ್ತಿದೆ! ಇಂಗ್ಲೆಂಡಿನ ಆ ಗಾಡಿ ಮೂಗು ಎತ್ತುತ್ತದೆಯೇ? ಸೀದಾ ಹೋಗಿ ಕಳ್ಳಿಬೇಲಿಗೆ ಮುಖ ಒತ್ತಿ ನಿಂತಿತು. ಮಾವನವರು ಬಯ್ಯಲಿಲ್ಲ. "ಎತ್ತಬ್ಯಾಡವ್ವಾ, ಭಾರ ಐತದು. ತಿರುವು" ಎಂದರು, ಅಷ್ಟೇ.

ಕೈಸನ್ನೆಯ ಪಾಠ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಯಿತು. ಆ ಹಳೇ ಗಾಡಿಗೆ ಈಗಿನಂತೆ ಮಿಣುಕು ದೀಪಗಳಿರಲಿಲ್ಲ, ಬಲಗೈಯನ್ನು ಕಿಟಕಿಯ ಹೊರಗೆ ಚಾಚಿ ಎಲ್ಲ ಹೇಳಬೇಕು. ಗಾಡಿ ನಿಧಾನ ಮಾಡುತ್ತೇನೆ ಎನ್ನಲು ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಬೇಕು. "ರೊಟ್ಟಿ ಬಡದಂಗ" ಎಂದರು ಮಾವನವರು. ಎಡಕ್ಕೆ ತಿರುಗಲು ಚಾಚಿದ ತೋಳನ್ನು ಸುತ್ತ ತಿರುವಬೇಕು; "ಬೀಸುಕಲ್ಲು." ಹಿಂದಿನವರು ಮುಂದೆ ಹೋಗಲಿ ಎನ್ನಲು ಕೈಯನ್ನು ಹಿಂದೆ ಮುಂದೆ ತೂಗಬೇಕು; "ತೊಟ್ಟಲಾ ತೂಗವ್ವಾ." ಸಣ್ಣಾಕೆ ಇದ್ದಾಗಿನಿಂದ ಮಾಡುತ್ತ ಬಂದದ್ದೇ ಇದೆಲ್ಲ. ಮೋಟಾರಿನ ಕೈಸನ್ನೆಗಳನ್ನು ಯಾರೋ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಹೊಂದಿಸಿರಬೇಕೆಂದು ನನಗೆ ಇವತ್ತಿಗೂ ಗುಮಾನಿ.

ಪರೀಕ್ಷೆ ಖಂಡೇ ಪೂಜೆಯ ಹಿಂದಿನ ದಿನವೇ ಬಂತು, ಹುಬ್ಬಳ್ಳಿಯ ಒಂದು ಬಯಲಿನಲ್ಲಿ. ಇದು ತಪ್ಪಿದರೆ ಮರುದಿನ ಬೆಳಗ್ಗೆ ವ್ಯಾಪಾರಿ ಬಾಗಿಲಲ್ಲಿ. ಮುಂಜಾನೆ ಒಂದು ಮಳೆ ಹೊಡೆದು ನೆಲ ಹಸಿ ಇತ್ತು. ಸುಣ್ಣದ ಪುಡಿಯಿಂದ ಬರೆದ ಎಂಟು ಅಲ್ಲಲ್ಲಿ ಕರಗಿತ್ತು. ಇನ್‌ಸ್ಪೆಕ್ಟರು ಮೊದಲು ಮಾವನವರ ದಪ್ಪ ಚಾಳೀಸು ನೋಡಿದರು.

"ಈ ಅಜ್ಜಾರು ಪರೀಕ್ಷಾ ಕೊಡತಾರೇನ್ರಿ?"

"ಅಲ್ಲರಿ, ನಾನು."

"ನೀವಾ?" ಅವರ ಕಣ್ಣು ನನ್ನ ಸೀರೆಯ ನಿರಿಗೆಯ ಮೇಲೆ ಇಳಿಯಿತು. "ಸೀರಿ ಉಟಗೊಂಡು ಬ್ರೇಕ್ ಹೆಂಗ ಒತ್ತತೀರಿ?"

"ನಮ್ಮ ಆಯಿ ಸೀರಿ ಉಟಗೊಂಡ ಎತ್ತಿನ ಗಾಡಿ ಹೊಡೀತಿದ್ಲರಿ. ನಾ ಬರೇ ಕಾಲಲೆ ಒತ್ತೂದು."

ಮಾವನವರು ಇಳಿದು ಬಯಲಿನ ಅಂಚಿಗೆ ಹೋಗಿ ನಿಂತರು. ಅಲ್ಲಿಂದ ಅವರಿಗೆ ಏನೂ ಕಾಣುವಂತಿರಲಿಲ್ಲ. ಕೈ ಮಾತ್ರ ಬಲಗಿಸೆಯಲ್ಲಿತ್ತು, ಅದು ಏನನ್ನು ಹಿಡಿದಿದೆ ಎಂದು ನನಗೆ ಗೊತ್ತಿತ್ತು. ನಾನು ಗೇರು ಹಾಕಿದೆ. ಅಂಗಳದಲ್ಲಿ ಕೆನ್ನೆ ಹಚ್ಚಿ ಮಲಗಿ ನೋಡಿದ್ದೆನಲ್ಲ, ಆ ನೋಟವನ್ನು ನೆನೆದು, ಬಾನೆಟ್ಟಿನ ಆಚೆ ಕಾಣದ ಗೀಟನ್ನು ನಂಬಿ ಹೊರಟೆ. ಒಂದು ಸುತ್ತು, ನಡುವಿನ ಗಂಟು, ಇನ್ನೊಂದು ಸುತ್ತು. ಗಾಡಿ ಎಲ್ಲಿ ಹೊರಟಿತ್ತೋ ಅಲ್ಲಿಗೇ ಬಂದು ನಿಂತಿತು. ನಾನು ಹಿಗ್ಗಿ ತಲೆ ಹೊರಗೆ ಹಾಕಿ ನೋಡಿದರೆ ಇನ್‌ಸ್ಪೆಕ್ಟರು ನನಗೆ ಬೆನ್ನು ಮಾಡಿ, ಚಹಾ ತಂದವನನ್ನು ಸಕ್ಕರೆ ಕಡಿಮೆಯಾದುದಕ್ಕೆ ಬಯ್ಯುತ್ತಿದ್ದಾರೆ!

"ನಾ ನೋಡಲಿಲ್ರಿ. ಇನ್ನೊಮ್ಮೆ ಹೊಡೀರಿ" ಎಂದರು, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ.

ನನ್ನ ಮೈಯೆಲ್ಲ ಉರಿಯಿತು. ಕಣ್ಣಲ್ಲಿ ನೀರೇ ಬಂತು. ಒಮ್ಮೆ ದೈವ ಒಲಿದು ಬಂದದ್ದು ಮತ್ತೊಮ್ಮೆ ಬರುತ್ತದೆಯೇ? ಆಗ ಬಯಲಿನ ಅಂಚಿನಿಂದ ಮಾವನವರ ದನಿ ಕೇಳಿಸಿತು: "ಗೀಟಿನ ಮ್ಯಾಲ ಗೀಟು ಎಳಿಯವ್ವಾ!"

ಹೌದಲ್ಲ! ಸುಣ್ಣ ಕರಗಿದ್ದರೇನು, ಹಸಿ ನೆಲದಲ್ಲಿ ನನ್ನದೇ ಗಾಲಿಯ ಗೀಟು ಬಿದ್ದಿದೆ. ಹಾಕಿದ ರಂಗೋಲಿ ಮಾಸಿದರೆ ಅದರ ಮೇಲೆಯೇ ಮತ್ತೆ ಎಳೆ ಬಿಡುವುದು ನನಗೆ ಹೊಸದೇ? ಏಳು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಉಸಿರು ಬಿಗಿಹಿಡಿದು ಹೊರಟೆ. ಈ ಸಲ ಇನ್‌ಸ್ಪೆಕ್ಟರು ಬಸಿ ಕೆಳಗಿಟ್ಟು ಎವೆಯಿಕ್ಕದೆ ನೋಡಿದರು. ಗಾಡಿ ನಿಂತ ಮೇಲೆ ಬಂದು, ಬಗ್ಗಿ, ನೆಲ ನೋಡುತ್ತ ಎಂಟರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಎರಡ ಸಲ ಹೊಡದ್ರಿ. ಎರಡನೇ ಗೀಟು ಎಲ್ಲೈತ್ರಿ?"

"ಮೊದಲನೇದರ ಮ್ಯಾಲ ಐತ್ರಿ ಸಾಹೇಬ್ರ" ಎಂದೆ.

ಅವರು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಮಾಡಿದರು. ನನ್ನ ಬಿ.ಎ. ಪಾಸಾದ ದಿನ ನನಗೆ ಇಷ್ಟು ಸಂತೋಷವಾಗಿರಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮಾವನವರು ಬಂದು, "ಎರಡೂ ಸರ್ತಿ ಎಂಜಿನ್ ಒಂದ ರಾಗದಾಗ ಹಾಡ್ತು. ಪಾಸಾತಂತ ನಂಗ ಅಲ್ಲೇ ಗೊತ್ತಾತು" ಎಂದರು.

ಮರುದಿನದ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ, ನಿಮಗೂ ನಿಶ್ಚಿಂತೆಯಾಗಲಿ. ವ್ಯಾಪಾರಿ ಹೇಳಿದ ಹೊತ್ತಿಗೆ ಬಂದ. ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಗಾಡಿ ಬೀದಿಯಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ನಾಲ್ಕು ಲಿಂಬೆಹಣ್ಣಿನ ಹಿಂದೆ ನಿಂತಿತ್ತು, ಅದರ ಬಾನೆಟ್ಟಿನ ಮೇಲೆ ಜಪಾನಿನ ಗಾಡಿ ನಾಲ್ಕು ಮೆಣಸಿನ ಕಾಳಿನ ಹಿಂದೆ. ಅವನ ಕೈಗೆ ಕರಿಗಡಬು ಕೊಟ್ಟೆವು. ತಿಂದು, ಒಳ್ಳೆಯ ಮಾತಾಡಿ ಹೋದ. ಗಾಡಿ ಹೊರಟು ಲಿಂಬೆಹಣ್ಣು ಚಿಟ್ಟನೆ ಒಡೆದಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿದ್ದರು. ಗಂಗಕ್ಕ, "ವ್ರತ ಫಲಾ ಕೊಟ್ಟಿತು ನೋಡ್ರಿ!" ಎಂದು ಕೂಗಿದಳು. ಅವಳಿಗೆ ನಿಜ ಹೇಳಿದರೂ ಎಂಟು ಬರೆಯುವುದನ್ನು ಅವಳು ಬಿಡಲಿಲ್ಲ. ಫಲ ಕಣ್ಣಿಗೆ ಕಂಡ ಮೇಲೆ ಯಾರು ಬಿಡುತ್ತಾರೆ?

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅದರ ಹಿಂದಿನ ಸಂಜೆಗೆ. ಸಹಿಯಾದ ಕಾಗದ ಕೈಯಲ್ಲಿ ಹಿಡಿದು ಮಾವನವರು ಎಂದಿನಂತೆ ಮುಂದಿನ ಎಡ ಬಾಗಿಲಿನತ್ತ ಹೊರಟರು. ನಾನು ಇಳಿದೆ. ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು ಹಿಡಿದು ನಿಂತೆ. ಮಾವನವರು ನಿಂತು ಅತ್ತಿತ್ತ ನೋಡಿದರು. ಯಾರೋ ಬರುತ್ತಿದ್ದಾರೆ, ತಮಗೆ ಕಾಣುತ್ತಿಲ್ಲ ಎಂದುಕೊಂಡಿರಬೇಕು.

"ಯಾರವ್ವಾ ಬರವರು?"

"ನೀವರಿ ಮಾವಾರ. ನಂಗೀಗ ಲೈಸೆನ್ಸ್ ಆತು. ಇನ್ನ ನೀವು ಮುಂದ ಕುಂದ್ರೂ ಜರೂರಿಲ್ಲ. ಬರ್ರಿ."

ಅವರು ಟೊಪ್ಪಿಗೆ ತೆಗೆದರು. ಯಾಕೆ ತೆಗೆದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ. ಒಂದು ಕಾಲು ಒಳಗಿಟ್ಟು, ಸೀಟಿನ ಚರ್ಮವನ್ನು ಅಂಗೈಯಿಂದ ಒಮ್ಮೆ ಸವರಿ, ತೀರ ಅಂಚಿಗೆ ಕುಳಿತರು. ಮೂವತ್ತು ವರ್ಷ ದಿನಾ ಒರೆಸಿದ ಸೀಟಿನ ಮೇಲೆ ಅವರು ಕುಳಿತದ್ದು ಅದೇ ಮೊದಲು. ನಾನು ಬಾಗಿಲು ಹಾಕಿದೆ.

ಹುಬ್ಬಳ್ಳಿ ದಾಟಿದೆವು. ಕನ್ನಡಿಯಲ್ಲಿ ನೋಡುತ್ತ ಇದ್ದೆ. ಮೊದಲು ನೆಟ್ಟಗೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಎಡಕ್ಕೆ ವಾಲಿ ನನ್ನ ಭುಜದ ಆಚೆ ಇಣುಕಿದರು. ಆಮೇಲೆ ಬಲಕ್ಕೆ. ಗೇರು ಬದಲಿಸಿದಾಗಲೆಲ್ಲ ಅವರ ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಉಣಕಲ್ ಕೆರೆಯ ನೀರು ಬೆಳ್ಳಗೆ ಕಾಣಿಸಿದ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

"ನಿಲ್ಲಸವ್ವಾ."

ರೊಟ್ಟಿ ಬಡಿದಂತೆ ಕೈ ಆಡಿಸಿ ಬದಿಗೆ ನಿಲ್ಲಿಸಿದೆ. ಬಾಗಿಲು ತೆರೆಯಲು ನಾನು ಇಳಿಯುವುದರೊಳಗೆ ತಾವೇ ತೆರೆದುಕೊಂಡು ಇಳಿದು, ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಧೊಪ್ಪನೆ ಕುಳಿತರು.

"ಯಾಕ್ರಿ ಮಾವಾರ, ಸರಿಯಾಗಲಿಲ್ಲೇನು?"

"ಅಲ್ಲೇನೂ ಕಾಣಂಗಿಲ್ಲವ್ವಾ. ಬರೇ ನಡಸಾವನ ಬೆನ್ನು" ಎಂದರು. "ಸಾಹೇಬ್ರು ಮೂವತ್ತು ವರ್ಷ ಬರೇ ಪೇಪರ್ ಯಾಕ ಓದಿದ್ರು ಅಂತ ಇವತ್ತ ತಿಳೀತು. ಪಾಪ!"

ಹಾಗೆಂದು ಕಿಸೆಯಿಂದ ಆಟಿಕೆ ತೆಗೆದು ನಮ್ಮಿಬ್ಬರ ಮುಂದೆ, ಗಾಜಿನ ಕೆಳಗೆ ಇಟ್ಟರು. ಅದರ ಪುಟ್ಟ ಬಾಗಿಲೊಂದು ತೆರೆದುಕೊಂಡಿತ್ತು, ಬೆರಳಿನಿಂದ ಮೆಲ್ಲಗೆ ಮುಚ್ಚಿದರು.

"ಜಪಾನದಾವಗ ಇದು ಮೊದಲ ತಿಳದಿತ್ತು ನೋಡು. ಅದಕ್ಕ ಅಂವ ಹಿಂದಿನ ಸೀಟ್ ಮಾಡೇ ಇಲ್ಲ. ಹೂಂ, ಹೊಡಿ!"

ನಾನು ಬಲಗೈ ಚಾಚಿ ಹಿಂದಿನವರಿಗೆಲ್ಲ ತಿಳಿಸಿ, ಗಾಡಿಯನ್ನು ರಸ್ತೆಗೆ ತಂದೆ.